ಕಿವಿಯ ಶಸ್ತ್ರಚಿಕಿತ್ಸೆ: ಸಹಿಗೆ ಮೊದಲು ವಿವರ ಬೇಕು

ಮಾನ್ಯ ಸಂಪಾದಕರೇ,

ನನ್ನ ಹೆಂಡತಿಗೆ ಎರಡು ವರ್ಷಗಳ ಹಿಂದೆ ಬಲಗಿವಿಯ ಶಸ್ತ್ರಚಿಕಿತ್ಸೆಯಾಯಿತು. ಒಳಗಿರುವ ಸ್ಟೇಪಿಸ್ ಎಂಬ, ಅಕ್ಕಿಕಾಳಿಗಿಂತ ಚಿಕ್ಕದಾದ ಮೂಳೆ ಬಿಗಿದುಕೊಂಡು ಶಬ್ದ ಮುಂದೆ ಸಾಗದಂತಾಗುವ ಓಟೋಸ್ಕ್ಲೆರೋಸಿಸ್ ಕಾಯಿಲೆ ಅವಳದು. ಮೂಳೆಯ ಜಾಗದಲ್ಲಿ ಪುಟ್ಟ ಪಿಸ್ಟನ್ ಕೂರಿಸಿದ ಮೇಲೆ ಪಕ್ಕದ ಕೋಣೆಯಲ್ಲಿ ಮೊಮ್ಮಗು ಮುಲುಗಿದರೂ ಅವಳಿಗೆ ಕೇಳಿಸುತ್ತದೆ. ಆ ವೈದ್ಯರಿಗೆ ನಾವು ಋಣಿಗಳು. ಆದರೆ ಆಮೇಲೆ ಐದು ತಿಂಗಳು ಅವಳ ನಾಲಿಗೆಯ ಬಲಬದಿ ಕಬ್ಬಿಣ ನೆಕ್ಕಿದಂತಿತ್ತು. ಸಾರಿನ ಉಪ್ಪು ಸರಿಯಿದೆಯೇ ಎಂದು ದಿನವೂ ಸೌಟು ಹಿಡಿದು ನನ್ನ ಬಳಿ ಬರುತ್ತಿದ್ದಳು. ರುಚಿಯ ನರವೊಂದು ಕಿವಿ ತಮಟೆಯ ಒಳಮಗ್ಗುಲಲ್ಲೇ ಹಾದುಹೋಗುತ್ತದೆ, ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಸರಿಸಬೇಕಾಗಬಹುದು ಎಂಬುದು ನಮಗೆ ತಿಳಿದದ್ದೇ ಆಗ.

ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡದ್ದು ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ. ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿಯ ಶ್ರವಣಶಕ್ತಿಯೇ ಹೋಗಬಹುದು, ಶ್ರವಣ ಸಾಧನ ಹಾಕಿಕೊಂಡೂ ಬದುಕು ನಡೆಸಬಹುದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೂ ನಾವು ಬಹುಶಃ ಶಸ್ತ್ರಚಿಕಿತ್ಸೆಯನ್ನೇ ಆರಿಸುತ್ತಿದ್ದೆವು. ಆದರೆ ಕೇಳುವ ಕಿವಿ ಒಂದೇ ಉಳಿದಿರುವವರಿಗೆ ಈ ಒಂದು ಮಾತು ಎಷ್ಟು ದೊಡ್ಡದೆಂದು ಯೋಚಿಸಿ.

ಅಪಾಯದ ಮಾತು ಕೇಳಿ ಹೆದರಿ ಮನೆಯಲ್ಲಿ ಕೂರುವುದೂ ತಪ್ಪು. ತಮಟೆಯಲ್ಲಿ ತೂತಿದ್ದರೂ ಕಿವಿ ಒಣಗಿದ್ದರೆ, ನೀರು ಹೋಗದಂತೆ ನೋಡಿಕೊಂಡು, ವೈದ್ಯರ ಸಲಹೆಯಂತೆ ಕೆಲಕಾಲ ಕಾಯಬಹುದು. ಆದರೆ ದುರ್ವಾಸನೆಯ ಕೀವು ಬಿಡದೆ ಸೋರುತ್ತಿದ್ದರೆ ಅದು ಕೊಲೆಸ್ಟಿಯಟೋಮಾ ಇರಬಹುದು: ಚರ್ಮ ಕಿವಿಯೊಳಕ್ಕೆ ಬೆಳೆದು ಮೂಳೆಯನ್ನು ಸವೆಸುತ್ತಾ ಮುಖದ ನರವನ್ನು, ಕೊನೆಗೆ ಮಿದುಳನ್ನೂ ತಲುಪಬಲ್ಲ ಕಾಯಿಲೆ. ಅಲ್ಲಿ ಶಸ್ತ್ರಚಿಕಿತ್ಸೆಯ ಮೊದಲ ಉದ್ದೇಶ ಕಾಯಿಲೆಯನ್ನು ಪೂರ್ತಿ ತೆಗೆಯುವುದು, ಕೇಳಿಸುವುದು ಆಮೇಲಿನ ಮಾತು. ಅಂಥ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು ವರ್ಷಗಟ್ಟಲೆ ದೂಡುವವರನ್ನು ಕಂಡು ನನಗೆ ಸಂಕಟವಾಗುತ್ತದೆ.

ಚಿಕಿತ್ಸೆಯ ಸ್ವರೂಪ, ಲಾಭ, ಅಪಾಯ ಮತ್ತು ಪರ್ಯಾಯಗಳನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಮನೆಗೆ ಒಯ್ದು ಓದಿ ಮನೆಯವರೊಡನೆ ಮಾತಾಡಲು ಒಂದೆರಡು ದಿನ ಮೊದಲೇ ಕೈಗೆ ಸಿಗಲಿ. ಆರೋಗ್ಯ ಇಲಾಖೆ ಈ ಬಗ್ಗೆ ಎಲ್ಲ ಆಸ್ಪತ್ರೆಗಳಿಗೆ ಸುತ್ತೋಲೆ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ, ಶಿವಮೊಗ್ಗ