ಈ ಭಾನುವಾರ: ರೇಷ್ಮೆ ಬೀಸಣಿಗೆಯ ಮೇಲಿನ ತಾವರೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ನಾವು ನೋಡುವುದು ಚೀನಾದ ಸಾಂಗ್ ಅರಸರ ಕಾಲದ (960–1279) ಬೀಸಣಿಗೆ ಚಿತ್ರಗಳು. ಬೀಸಣಿಗೆ ಅಂದ ಕೂಡಲೇ ಮಡಚುವಂಥದ್ದು ಅಂದುಕೊಳ್ಳಬೇಡಿ. ಇವು ಚೌಕಟ್ಟಿಗೆ ಬಿಗಿದ ದುಂಡನೆಯ ರೇಷ್ಮೆ. ಮಡಚುವ ಬೀಸಣಿಗೆಯ ಮೇಲೆ ಚಿತ್ರ ಬರೆಯುವ ರೂಢಿ ಬಲವಾದದ್ದು ಆಮೇಲೆ, ಮಿಂಗ್ ಅರಸರ ಕಾಲದಲ್ಲಿ.

ಮುಖ್ಯವಾಗಿ ಒಂದೇ ಚಿತ್ರ: ಬೀಜಿಂಗ್‌ನ ಅರಮನೆ ಸಂಗ್ರಹಾಲಯದಲ್ಲಿರುವ, ನೀರಿನಿಂದೆದ್ದ ತಾವರೆ. ಬರೆದವರ ಹೆಸರಿಲ್ಲ. ಅಗಲ ಸುಮಾರು 25 ಸೆಂ.ಮೀ., ಊಟದ ತಟ್ಟೆಯಷ್ಟು. ಅದರ ತುಂಬ ಒಂದೇ ಹೂವು, ಹಿಂದೆ ಹಸಿರೆಲೆ, ಅಷ್ಟೇ. ಎಸಳಿನ ಅಂಚುಗೆರೆ ಹುಡುಕಿ ನೋಡಿ, ಸುಲಭಕ್ಕೆ ಸಿಗುವುದಿಲ್ಲ. ತುದಿಯ ಗುಲಾಬಿ ಬುಡದತ್ತ ಬಿಳಿಚಿಕೊಳ್ಳುತ್ತ ಹೋಗುತ್ತದೆ. ಬಣ್ಣ ಹರಡದಿರಲೆಂದು ರೇಷ್ಮೆಗೆ ಮೊದಲೇ ಅಂಟು, ಪಟಿಕ ಬೆರೆಸಿದ ನೀರು ಬಳಿಯುತ್ತಿದ್ದರು. ಆಮೇಲೆ ತೆಳು ಬಣ್ಣವನ್ನು ಪದರ ಪದರವಾಗಿ ಹಚ್ಚುವುದು. ನಮ್ಮಂಥ ಅವಸರದವರಿಗಲ್ಲ ಬಿಡಿ!

ಸಮಯ ಉಳಿದರೆ ಸಾಂಗ್ ಕಾಲದ ಚಿತ್ರಕಾರ ಮಾ ಯುವಾನ್‌ನನ್ನೂ ನೋಡೋಣ. ದೃಶ್ಯವನ್ನೆಲ್ಲ ಒಂದು ಬದಿಗೆ ಸರಿಸಿ ಉಳಿದದ್ದನ್ನು ಖಾಲಿ ಬಿಡುತ್ತಿದ್ದ ಆತನಿಗೆ ‘ಒಂದು ಮೂಲೆಯ ಮಾ’ ಎಂಬ ಅಡ್ಡಹೆಸರೇ ಬಿದ್ದಿತ್ತು.

ಇಂಥ ಎಷ್ಟೋ ಚಿತ್ರಗಳನ್ನು ಮುಂದೆ ಹಿಡಿಯಿಂದ ಬಿಡಿಸಿ ಆಲ್ಬಮ್‌ಗೆ ಅಂಟಿಸಿದರು. ಕೆಲವದರ ನಡುವೆ ಹಿಡಿಯ ಗುರುತು ಈಗಲೂ ಕಾಣುತ್ತದೆ.

ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ, ಹಿಗ್ಗಿಸಿ ನೋಡಿಕೊಂಡು ಬನ್ನಿ. ದಯವಿಟ್ಟು ಅಲ್ಲಿಯವರೆಗೆ ಗುಂಪಿನಲ್ಲಿ ಶುಭೋದಯದ ತಾವರೆಗಳು ಬೇಡ.