ನಿನ್ನ ರೂಮ್‌ಮೇಟ್‌ಗಳ ಪ್ರಶ್ನೆಗಳಿಗೆ

ಪ್ರೀತಿಯ ಮಗಳೇ,

ನಿನ್ನ ಮೆಸೇಜ್ ಓದಿದೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಬರೆಯುವುದೇ ವಾಸಿ ಅನ್ನಿಸಿತು. ನಮ್ಮ ಕ್ಯಾಥೊಲಿಕ್ ನಂಬಿಕೆಯ ಬಗ್ಗೆ ಆ ಹುಡುಗಿಯರು ಕೇಳಿದ್ದಕ್ಕೆ ಮುನಿಸಿಕೊಳ್ಳಬೇಡ. ಅವರ ವ್ರತಗಳ ಬಗ್ಗೆ ನಮಗೂ ಎಷ್ಟು ಗೊತ್ತು ಹೇಳು?

ಯೇಸುವಿನ ತಾಯಿ ಮರಿಯಮ್ಮನನ್ನು ದೇವರು ಅಂತ ಪೂಜಿಸುತ್ತೀರಾ ಅಂದರಂತಲ್ಲ, ಮರಿಯಮ್ಮ ದೇವರಲ್ಲ. ಮಣಿ ಎಣಿಸುತ್ತಾ ಜಪಸರ ಮಾಡುವಾಗ 53 ಸಲ ‘ನಮೋ ಮರಿಯ’ ಹೇಳುತ್ತೀಯಲ್ಲ, ಅದರ ಕೊನೆಯ ಸಾಲು ನೆನಪಿಸಿಕೋ. ಪಾಪಿಗಳಾದ ನಮಗಾಗಿ ಪ್ರಾರ್ಥಿಸಿ ಅಂತ ಕೇಳುತ್ತೇವೆ. ದೇವರನ್ನೇ ಯಾರಾದರೂ ಹಾಗೆ ಕೇಳುತ್ತಾರಾ? ಆರಾಧನೆ ದೇವರಿಗೆ ಮಾತ್ರ, ಪ್ರತಿಮೆಗೆ ಸಲ್ಲುವುದು ಗೌರವ ಅಂತ 787ರಲ್ಲೇ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆ ಹೇಳಿದೆ. ಬೆಂಗಳೂರಿನ ಶಿವಾಜಿನಗರದ ಬಸಿಲಿಕ ಚರ್ಚಿನಲ್ಲಿ ಮಾತೆಗೆ ಸೀರೆ ಉಡಿಸುವುದು ನಮ್ಮವಳು ಅನ್ನುವ ಅಕ್ಕರೆಗೆ.

ಹೆಣ ಸುಡಬಹುದಾ ಅಂದರೆ, 1963ರಿಂದ ಅಡ್ಡಿಯಿಲ್ಲ. ಬೂದಿಯನ್ನು ಮಾತ್ರ ನೀರಿಗೆ ಬಿಡುವಂತಿಲ್ಲ, ಪವಿತ್ರ ಜಾಗದಲ್ಲಿ ಇಡಬೇಕು.

‘ಪಾಪ ಮಾಡು, ಫಾದರ್‌ಗೆ ಹೇಳು, ಮುಗೀತು’ ಅಂತ ನಗುತ್ತಾರೆ ಅಂದೆಯಲ್ಲ. ಒಂದು ಗುಟ್ಟು ಹೇಳುತ್ತೇನೆ. ಆರನೇ ಕ್ಲಾಸಿನಲ್ಲಿ ನಾನು ನಿನ್ನ ತಾತನ ಅಂಗಿ ಜೇಬಿನಿಂದ ಎರಡು ರೂಪಾಯಿ ಕದ್ದಿದ್ದೆ. ಪಾಪನಿವೇದನೆಗೆ ಹೋದಾಗ ಮರದ ಜಾಲರಿಯ ಆಚೆ ಕೂತಿದ್ದ ಫಾದರ್ ಎಲ್ಲ ಕೇಳಿ, ‘ದುಡ್ಡು ವಾಪಸ್ ಇಟ್ಟೆಯಾ?’ ಅಂದರು. ಇಡದೆ ಬರೀ ಜಪ ಮಾಡಿದರೆ ಸಾಲದು ಅಂತಲೂ ಹೇಳಿದರು. ಮಾರನೇ ಭಾನುವಾರ ಅವರು ನಮ್ಮ ಮನೆಗೇ ಊಟಕ್ಕೆ ಬಂದು, ಅಪ್ಪನ ಪಕ್ಕದಲ್ಲೇ ಕೂರಬೇಕಾ! ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಅವರು ನನ್ನ ಕಡೆ ತಿರುಗಿಯೂ ನೋಡದೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಕ್ಷಮಿಸುವವನು ದೇವರು, ಗುರುಗಳು ಅವನ ಹೆಸರಿನಲ್ಲಿ ಹೇಳುತ್ತಾರೆ. ಕೇಳಿದ್ದನ್ನು ಕೋರ್ಟಿನಲ್ಲೂ ಬಾಯಿಬಿಡುವಂತಿಲ್ಲ. ಬೇಕಂತಲೇ ಬಾಯಿಬಿಟ್ಟರೆ ಆ ಕ್ಷಣವೇ ಧರ್ಮಸಭೆಯಿಂದ ಬಹಿಷ್ಕಾರ.

ಇನ್ನು ಕೊನೆಯ ಪ್ರಶ್ನೆ. ಹಿಂದೂ ಹುಡುಗನನ್ನು ಮದುವೆಯಾಗಲು ಅವನು ಮತಾಂತರ ಆಗಲೇಬೇಕಾ? ಬೇಕಿಲ್ಲ. ಬಿಷಪ್ಪರ ವಿಶೇಷ ಅನುಮತಿ ಬೇಕು. ನಂಬಿಕೆ ಬಿಡುವುದಿಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ಕೈಲಾದಷ್ಟು ಮಾಡುತ್ತೇನೆ ಅಂತ ಮಾತು ಕೊಡಬೇಕಾದವಳು ಹುಡುಗಿ. ಹುಡುಗ ಮಾತು ಕೊಡಬೇಕಿಲ್ಲ, ಆದರೆ ಅವಳು ಕೊಟ್ಟ ಮಾತು ಅವನಿಗೆ ಗೊತ್ತಿರಬೇಕು. ಗೊತ್ತಿಲ್ಲದೆ ಮದುವೆಯಾಗಿ, ತೊಟ್ಟಿಲ ಮುಂದೆ ಜಗಳಕ್ಕೆ ನಿಂತವರನ್ನು ನಾನು ನೋಡಿದ್ದೇನೆ. ಸುಮ್ನೆ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಬಂದರೆ ಸರ್ಕಾರಕ್ಕೆ ಅದು ಮದುವೆ. ಚರ್ಚಿಗೆ ಅಲ್ಲ, ಚರ್ಚೂ ಒಪ್ಪಬೇಕಾದರೆ ಹಾಗೆ ಮಾಡಲೂ ಮೊದಲೇ ಅನುಮತಿ ಪಡೆದಿರಬೇಕು. ಮಾತು ಕೊಡುವ ಮುಂಚೆ ಇಬ್ಬರೂ ಮಕ್ಕಳ ವಿಷಯ ಬಾಯಿಬಿಟ್ಟು ಮಾತಾಡಿಕೊಳ್ಳಲಿ. ನಾಚಿಕೆ ಆಮೇಲೆ ಪಡಲಿ.

‘ಫ್ರೆಂಡ್ ಒಬ್ಬಳು ಕೇಳಿದಳು’ ಅಂತ ಬರೆದಿದ್ದೀಯ. ಇರಲಿ. ಬರುವ ಭಾನುವಾರ ಪೂಜೆ ಮುಗಿಸಿಕೊಂಡು ಊಟಕ್ಕೆ ಬಾ, ಆ ಹುಡುಗನನ್ನೂ ಕರೆದುಕೊಂಡು ಬಾ. ನಿನ್ನ ಅಪ್ಪನಿಗೆ ನಾನು ಏನೂ ಹೇಳಿಲ್ಲ.

ನಿನ್ನ ದೊಡ್ಡಪ್ಪ