ಆ ಎರಡನ್ನು ಒಂದೇ ಬಕೆಟ್ಟಿಗೆ ಹಾಕಬೇಡ

ಸೋಮವಾರಪೇಟೆ

ಚಿ. ಸೌ. ಕಾವ್ಯಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನ ಅಮ್ಮನಿಂದ ತಿಳಿದಿರುತ್ತದೆ. ನಿನ್ನ ಪತ್ರದ ಕೊನೆಯ ಸಾಲು ಮಾತ್ರ ನನ್ನ ನಿದ್ದೆ ಕೆಡಿಸಿದೆ. ಪುಟ್ಟಿ ಅಂಬೆಗಾಲಿಡುತ್ತ ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತಾಳೆ, ಎಷ್ಟು ಒರೆಸಿದರೂ ಮುಗ್ಗಲು ವಾಸನೆ ಹೋಗುವುದಿಲ್ಲ, ಬ್ಲೀಚಿಂಗ್ ಪುಡಿಯ ನೀರಿಗೆ ಕಕ್ಕಸು ತೊಳೆಯುವ ಆ್ಯಸಿಡನ್ನೂ ಸ್ವಲ್ಪ ಸೇರಿಸಲೇ ಎಂದು ಕೇಳಿದ್ದೀಯೆ. ಬೇಡ ಮಗಳೇ. ಅವೆರಡೂ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ, ಮಳೆಗೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ನೆಲದ ಮಟ್ಟದಲ್ಲೇ, ಅಂದರೆ ಮಗು ಉಸಿರಾಡುವಲ್ಲೇ ನಿಲ್ಲುತ್ತದೆ.

ನಾರುತ್ತಿರುವುದು ನೆಲವಲ್ಲ, ನಿನ್ನ ಮಾಪ್ ಇರಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ಮಡಿಕೇರಿಯ ಮನೆಯೊಳಗೆ ಉಟ್ಟ ಬಟ್ಟೆಯೇ ಒಣಗದಿರುವಾಗ, ಬಕೆಟ್ಟಿನಲ್ಲೇ ಬಿಟ್ಟ ಮಾಪಿನ ಒದ್ದೆ ಜೂಲು ಹೇಗೆ ಒಣಗೀತು? ನಾನು ಮದುವೆಯಾಗಿ ಬಂದ ಮನೆಯ ಕೆಂಪು ಕಾವಿಯ ನೆಲವನ್ನು ಅತ್ತೆಯವರು ಹಳೆಯ ಪಂಚೆಯ ತುಂಡಿನಿಂದ ಕುಕ್ಕರಗಾಲಿನಲ್ಲಿ ಕುಳಿತು ಒರೆಸುತ್ತಿದ್ದರು. ಒರೆಸಿದ ಬಟ್ಟೆಯನ್ನು ಸೋಪು ಹಾಕಿ ಕುಕ್ಕಿ, ಬಚ್ಚಲ ಹಂಡೆಯ ಒಲೆಯ ಹತ್ತಿರ ಹರವುತ್ತಿದ್ದರು. ಅದು ಎಂದೂ ನಾರಿದ್ದು ನೆನಪಿಲ್ಲ. ಅವರ ಮಂಡಿ ಪೂರ್ತಿ ಸೋತ ಮೇಲೆಯೇ ಮನೆಗೆ ಕೋಲಿನ ಮಾಪ್ ಬಂತು, ಆ ಕೊರಗು ನನಗೆ ಇಂದಿಗೂ ಇದೆ.

ನಿನ್ನಲ್ಲಿ ಹಂಡೆಯ ಒಲೆಯಿಲ್ಲವೆಂದು ಬಲ್ಲೆ, ಆದರೂ ಹೇಳುತ್ತೇನೆ. ಕೆಲಸ ಮುಗಿದೊಡನೆ ಜೂಲನ್ನು ಬಿಸಿನೀರು, ಸೋಪಿನಲ್ಲಿ ತೊಳೆದು, ಬಿಗಿಯಾಗಿ ಹಿಂಡಿ, ಫ್ಯಾನಿನ ಗಾಳಿ ತಾಗುವಂತೆ ತೂಗುಹಾಕು. ಎರಡು ಜೂಲುಗಳಿದ್ದರೆ ಒಂದು ಒಣಗುವವರೆಗೆ ಇನ್ನೊಂದು ಒದಗುತ್ತದೆ. ಹತ್ತಿಯದಾದರೆ ಸೋಪನ್ನು ಚೆನ್ನಾಗಿ ಜಾಲಿಸಿದ ಮೇಲೆ, ತೆಳುವಾದ ಬ್ಲೀಚಿಂಗ್ ನೀರಿನಲ್ಲಿ, ಅದೊಂದರಲ್ಲೇ, ಸ್ವಲ್ಪ ಹೊತ್ತು ನೆನೆಸಬಹುದು. ಮೈಕ್ರೋಫೈಬರಿಗೆ ಬ್ಲೀಚೂ ಬೇಡ, ಬಟ್ಟೆ ಮೆದುವಾಗಿಸುವ ದ್ರವವೂ ಬೇಡ, ಎಳೆ ಕೆಟ್ಟು ಕೊಳೆ ಹಿಡಿಯದಾಗುತ್ತದೆ. ತೊಳೆದು ಒಣಗಿಸಿದ ಮೇಲೂ ಒದ್ದೆಯಾದೊಡನೆ ನಾರುವುದನ್ನು, ಎಳೆ ಉದುರುವುದನ್ನು ಉಳಿಸಿಕೊಳ್ಳಬೇಡ. ಕಕ್ಕಸಿನ ಮಾಪ್ ಬೇರೆಯೇ ಇರಲಿ. ಇದನ್ನು ನಿನಗೆ ಹೇಳಬೇಕಾಗಿಲ್ಲವೇನೋ.

ಮಗು ಆಡುವ ಕಡೆ ಫಿನಾಯಿಲ್ ಹಾಕಿದ್ದರೆ ಬರಿಯ ನೀರಿನಿಂದ ಇನ್ನೊಮ್ಮೆ ಒರೆಸಿ, ನೆಲ ಪೂರ್ತಿ ಒಣಗಿದ ಮೇಲೆ ಅವಳನ್ನು ಬಿಡು. ಆ್ಯಸಿಡ್ ಸಿಮೆಂಟಿನ ನೆಲವನ್ನೂ ತಿನ್ನುತ್ತದೆ, ಆದರೆ ನನ್ನ ಚಿಂತೆ ನೆಲದ್ದಲ್ಲ.

ಪತ್ರ ತಲುಪುವ ಮೊದಲೇ ಅವೆರಡನ್ನೂ ಸೇರಿಸಿ, ಕಣ್ಣು ಉರಿದು ಕೆಮ್ಮು ಬಂದರೆ, ಬಕೆಟ್ಟನ್ನು ಎತ್ತಲೂ ಬಗ್ಗಬೇಡ. ಮಗುವನ್ನು ಎತ್ತಿಕೊಂಡು ಹೊರಗೆ ಹೋಗು, ಉಸಿರಿಗೆ ತೊಂದರೆಯೆನಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗು. ಇಷ್ಟು ದಿನ ಬರಿಯ ಯೋಚನೆಯಲ್ಲೇ ಇತ್ತೋ, ಹಾಕಿಯೂ ನೋಡಿದ್ದೆಯೋ ಎಂಬುದನ್ನು ಪತ್ರ ಓದಿದ ದಿನವೇ ಫೋನು ಮಾಡಿ ಹೇಳು.

ಇತಿ,
ನಿನ್ನ ದೊಡ್ಡಮ್ಮ